ಸುಲೈಮಾನ್ ಕಾಕ ಪ್ರಾಯ ಇಳಿಸಿದ ಕೇಸು

ಸುಲೈಮಾನ್ ಕಾಕನಿಗೆ ಮೂವತ್ತೆರಡನೆಯ ವಯಸ್ಸಿಗೇ ವಯಸ್ಸಾಗಿಬಿಟ್ಟಿತ್ತು. ಕಾಯಿಲೆಯಿಂದಲ್ಲ, ಕಷ್ಟದಿಂದಲೂ ಅಲ್ಲ. ಲಾಭ ನೋಡಿ ಮಾಡಿಕೊಂಡದ್ದು. ಉಳ್ಳಾಲದ ಕಡೆಯಿಂದ ಹೊರಟು, ಬೊಂಬಾಯಿಯಲ್ಲಿ ಹಡಗು ಹತ್ತಿ ಬಹರೈನಿನಲ್ಲಿ ಇಳಿದಾಗ ಅವನ ತಲೆ ಬಾಲನೆರೆಯಿಂದ ಅರ್ಧ ಬೆಳ್ಳಗಾಗಿತ್ತು. ಬಂದರಿನಲ್ಲಿ ಅದೇ ಊರ ಕಡೆಯ ಹುಡುಗನೊಬ್ಬ ಓಡಿಬಂದು, "ಕಾಕಾ, ಪೆಟ್ಟಿಗೆ ಇತ್ತ ಕೊಡಿ, ನೀವು ಹೊರ್ಬೇಡಿ" ಎಂದ. ಈ ಕಾಕ ಯಾರಪ್ಪಾ ಎಂದು ಸುಲೈಮಾನ್ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಸುಮ್ಮನೆ ಪೆಟ್ಟಿಗೆ ಕೊಟ್ಟ. ಆಮೇಲೆ ಹದಿನೆಂಟು ವರ್ಷ ಅವನು ಭಾರ ಎತ್ತಿದ್ದನ್ನು ಬಹರೈನಿನಲ್ಲಿ ಕಂಡವರಿಲ್ಲ.

ಸಲ್ಮಾಬಾದಿನ ಲೇಬರ್ ಕ್ಯಾಂಪಿನಲ್ಲಿ ಅವನಿಗಿದ್ದ ಸವಲತ್ತುಗಳನ್ನು ಕಂಡರೆ ಯಾರಿಗಾದರೂ ಬೇಗ ಮುದುಕರಾಗುವ ಆಸೆ ಹುಟ್ಟಬೇಕು. ಏಸಿಯ ಗಾಳಿ ನೇರ ಬೀಳುವ ಕೆಳಗಿನ ಮಂಚ ಅವನದು. ಮೆಸ್ಸಿನಲ್ಲಿ ಹಮೂರ್ ಮೀನು ಮಾಡಿದ ದಿನ ತಲೆ ಅವನ ತಟ್ಟೆಗೇ ಬೀಳುತ್ತಿತ್ತು. ಪಾತ್ರೆ ತೊಳೆಯುವ ಸರದಿ ಎಲ್ಲರಿಗೂ ಉಂಟು, ಕಾಕನಿಗಿಲ್ಲ. ಜಗಳವಾದರೆ ತೀರ್ಪು ಅವನದು. ಊರಿನಲ್ಲಿ ಯಾರಿಗಾದರೂ ಹೆಣ್ಣು ನೋಡಿದರೆ, ಆ ಹೆಣ್ಣನ್ನಾಗಲೀ ಅವಳ ಮನೆಯನ್ನಾಗಲೀ ಜನ್ಮದಲ್ಲಿ ಕಾಣದ ಕಾಕನ ಒಪ್ಪಿಗೆ ಬೇಕು. ಇಷ್ಟಕ್ಕೆಲ್ಲ ಅವನು ಹೂಡಿದ ಬಂಡವಾಳ ಗಡ್ಡಕ್ಕೆ ಸ್ವಲ್ಪ ಮದರಂಗಿ, ಕೂರುವಾಗ ಏಳುವಾಗ ಒಂದು "ಯಾ ಅಲ್ಲಾ", ಮತ್ತು ಯುದ್ಧಕಾಲದ ಕತೆಗಳು. ರೇಷನ್ನಿನ ದಿನಗಳಲ್ಲಿ ತಾನು ಪೊಲೀಸರ ಕಣ್ಣು ತಪ್ಪಿಸಿ ನೇತ್ರಾವತಿ ದಾಟಿಸಿ ಅಕ್ಕಿ ಮುಡಿ ತಂದದ್ದನ್ನು ಅವನು ಹೇಳುತ್ತಿದ್ದರೆ ಇಡೀ ಕೋಣೆ ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ಅಕ್ಕಿ ತಂದದ್ದು ನಿಜವೇ, ತಂದವನು ಮಾತ್ರ ಅವನ ಅಣ್ಣ ಮೊಯಿದಿನ್. ಸುಲೈಮಾನ್ ಆಗ ದೋಣಿಯಲ್ಲಿ ಅಣ್ಣನ ಅಂಗಿ ಹಿಡಿದುಕೊಂಡು ಅಳುತ್ತಿದ್ದ ಸಣ್ಣ ಹುಡುಗ. ಮೊಯಿದಿನ್ ಆಮೇಲೆ ಟೈಫಾಯ್ಡಿನಲ್ಲಿ ತೀರಿಕೊಂಡ. ಸತ್ತವನ ಕತೆಗೆ ಬೇರೆ ಯಾರೂ ಹಕ್ಕು ಹೇಳುವವರಿರಲಿಲ್ಲ, ಹಾಗಾಗಿ ತಮ್ಮ ಅದನ್ನು ತನ್ನದೆಂದೇ ಹೇಳುತ್ತಾ ಹೋದ. ಹೇಳುವಾಗ ಒಮ್ಮೊಮ್ಮೆ ಅವನ ಕಣ್ಣು ಒದ್ದೆಯಾಗುತ್ತಿದ್ದದ್ದು ಮಾತ್ರ ನಾಟಕವಲ್ಲ.

ಒಂದು ವಿಷಯದಲ್ಲಿ ಅವನು ಮುದುಕನಾಗಿರಲಿಲ್ಲ. ಕಂಪೆನಿಯ ಬಸ್ಸು ಅವನ ಕೈಯಲ್ಲಿತ್ತು. ಬೆಳಿಗ್ಗೆ ಕೆಲಸದವರನ್ನು ತುಂಬಿಕೊಂಡು ಸನದ್ ದಾಟಿ ಸಿತ್ರಾದ ಸೈಟಿಗೆ ಬಿಡಬೇಕು, ಸಂಜೆ ವಾಪಸು ತರಬೇಕು. ಸ್ಟೇರಿಂಗ್ ಹಿಡಿದರೆ ಅವನ ಸೊಂಟ, ಮಂಡಿ, ಯಾ ಅಲ್ಲಾ ಎಲ್ಲ ಮಾಯ. ಲಾರಿಗಳ ಸಂದಿಯಲ್ಲಿ ಅವನು ಬಸ್ಸು ನುಗ್ಗಿಸುವ ರೀತಿಗೆ ಹಿಂದಿನ ಸೀಟಿನವರು ಜೀವ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದರು. ಆ ಬಸ್ಸಿನ ಮೇಲೆ ಅವನಿಗೆ ಪ್ರೀತಿಯಿತ್ತು, ಹೆಮ್ಮೆಯಿತ್ತು. ಅದರ ಟೈರು ಬದಲಿಸುವ ಪ್ರೀತಿ ಮಾತ್ರ ಇರಲಿಲ್ಲ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಅವನ ಗ್ರಹಚಾರ ಕೆಟ್ಟದ್ದು ಈ ಟೈರಿನಿಂದಲೇ. ಕಂಪೆನಿಗೆ ಲಂಡನ್ನಿನಿಂದ ಒಬ್ಬ ಹೊಸ ಮ್ಯಾನೇಜರ್ ಬಂದಿದ್ದ. ಇನ್ನೂ ಮೀಸೆ ಸರಿಯಾಗಿ ಬಾರದ ಪೋರ. ಅವನು ಸೈಟಿಗೆ ಹೋಗುವಾಗ ದಾರಿಯಲ್ಲಿ ಬಸ್ಸು ಪಂಕ್ಚರಾಗಿ ನಿಂತಿತ್ತು. ಟೈರಿನ ಬಳಿ ಲೀಲಾಧರ ಬೆವರು ಸುರಿಸುತ್ತಿದ್ದ. ಲೀಲಾಧರ ಕಾಕನ ಪಕ್ಕದ ಊರಿನವನು, ಕಂಪೆನಿಯಲ್ಲಿ ವೆಲ್ಡರ್. ಕಾಕ ಬಸ್ಸಿನ ನೆರಳಿನಲ್ಲಿ ಕುಳಿತು ಸ್ಪ್ಯಾನರ್ ಹೇಗೆ ಹಿಡಿಯಬೇಕೆಂದು ಅವನಿಗೆ ಬುದ್ಧಿ ಹೇಳುತ್ತಿದ್ದ.

ಡ್ರೈವರ್ ನೀನೋ ಅವನೋ ಎಂದು ಮ್ಯಾನೇಜರ್ ಕೇಳಿದ. ಕಾಕ ಒಂದು ಕೈ ಸೊಂಟಕ್ಕೆ ಕೊಟ್ಟು, ಮೂರು ಸಲ ಪ್ರಯತ್ನಿಸಿ ಎದ್ದು ನಿಂತು, ತನಗೆ ಗೊತ್ತಿದ್ದ ಎಲ್ಲ ಭಾಷೆಗಳನ್ನೂ ಸೇರಿಸಿ ಉತ್ತರ ಕೊಟ್ಟ: "ಸಾಬ್, ಸಿಕ್ಸ್ಟಿ ಫಿನಿಶ್. ಕಮರ್ ಖಲಾಸ್."

ಹಳೆಯ ಮ್ಯಾನೇಜರಿಗೆ ಇದನ್ನೇ ಹೇಳಿದಾಗ ಅವನು ನಕ್ಕು ಸಿಗರೇಟು ಕೊಟ್ಟಿದ್ದ. ಈ ಪೋರ ನಗಲಿಲ್ಲ. ಬಸ್ಸು ತುಂಬ ಜನರ ಪ್ರಾಣ, ಅರುವತ್ತು ದಾಟಿದ, ಸೊಂಟ ಖಲಾಸಾದ ಮನುಷ್ಯನ ಕೈಯಲ್ಲಿದೆಯಲ್ಲಾ ಎಂದು ಅವನ ಎದೆ ಧಸಕ್ಕೆಂದಿರಬೇಕು. ಕರಾರಿನ ಪ್ರಕಾರ ಐವತ್ತೈದು ದಾಟಿದ ಡ್ರೈವರನ್ನು ಕಂಪೆನಿ ಬೇಡವೆನ್ನಬಹುದಿತ್ತು. ಆ ವಾರವೇ ಬೇಡವೆಂದಿತು. ಕಾಕನ ಪಾಸ್‌ಪೋರ್ಟನ್ನು ತೆಗೆದು ನೋಡುವ ಗೋಜಿಗೂ ಮ್ಯಾನೇಜರ್ ಹೋಗಲಿಲ್ಲ. ಅವನ ಗಡ್ಡ ನೋಡಿದ್ದ, ಅಷ್ಟೇ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಯಾರೋ ಹೊಸಬ ಬಸ್ಸು ಹೊರಡಿಸಿಕೊಂಡು ಹೋದ. ಗೇರ್ ಕರಕರ ಎಂದ ಸದ್ದು ಕೋಣೆಯೊಳಗೆ ಮಲಗಿದ್ದ ಕಾಕನಿಗೆ ಕೇಳಿಸಿತು. ಅವನಿಗೆ ನಿಜವಾಗಿ ಆಗ ಐವತ್ತು. ಕಣ್ಣು ಸರಿಯಾಗಿತ್ತು, ಕೈ ಸರಿಯಾಗಿತ್ತು, ಸೊಂಟವಂತೂ ಉಪಯೋಗಿಸದೆ ಇಟ್ಟದ್ದರಿಂದ ಹೊಸದರಂತೆಯೇ ಇತ್ತು. ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಿತ್ತು, ಊರಿನಲ್ಲಿ ಮನೆಯಾಗಿತ್ತು. ದುಡ್ಡಿಗೆ ಅಂಥ ತಾಪತ್ರಯವೇನೂ ಇರಲಿಲ್ಲ. ಆದರೆ ಸುಮ್ಮನೆ ಕುಳಿತರೆ ತಾನು ಆಟಕ್ಕೆ ಹಾಕಿಕೊಂಡ ಮುದಿತನ ಚರ್ಮಕ್ಕೆ ಅಂಟಿ ಕೂರುತ್ತದೆ ಎಂಬ ಹೆದರಿಕೆ ಅವನಿಗಾಯಿತು. ನಾನು ಮುದುಕನಲ್ಲ ಎಂದು ಸರಕಾರದ ಬಾಯಿಂದಲೇ ಹೇಳಿಸಬೇಕು, ಕಂಪೆನಿಯಿಂದ ಪರಿಹಾರ ವಸೂಲು ಮಾಡಬೇಕು ಎಂದು ಅವನು ಕಾರ್ಮಿಕ ಕಚೇರಿಗೆ ಹೋಗಿ ದೂರು ಕೊಟ್ಟ. ರಜೆಗೆ ಊರಿಗೆ ಹೊರಟಿದ್ದ ಯೂಸುಫ್ ಎಂಬವನ ಹತ್ತಿರ ಹೆಂಡತಿ ರುಖಿಯಾಳಿಗೆ ಸುದ್ದಿಯನ್ನೂ ಕಳಿಸಿದ: ಪ್ರಾಯ ಆಯಿತೆಂದು ಕಂಪೆನಿ ತೆಗೆದಿದೆ, ಗಾಬರಿ ಆಗಬೇಡ, ನಾನು ಬಿಡುವವನಲ್ಲ.

ಕಾರ್ಮಿಕ ಕಚೇರಿಯ ಅಧಿಕಾರಿ ನಡುವಯಸ್ಸಿನ ಬಹರೈನಿ, ಬೊಂಬಾಯಿಗೆ ಹೋಗಿ ಬಂದು ಹಿಂದಿ ಕಲಿತವನು. ಅವನು ಕಾಕನ ಪಾಸ್‌ಪೋರ್ಟ್ ತೆರೆದು, ಹುಟ್ಟಿದ್ದು ಮೂವತ್ತನಾಲ್ಕನೇ ಇಸವಿ ಜೂನ್ ಒಂದು ಎಂದು ಗಟ್ಟಿಯಾಗಿ ಓದಿದ. ಕಂಪೆನಿಯ ಪರವಾಗಿ ಬಂದಿದ್ದ ಗುಮಾಸ್ತ ಕಿಸಕ್ಕನೆ ನಕ್ಕ.

"ಸಾಹೇಬರೇ, ಈ ಕರಾವಳಿಯವರು ನಮ್ಮ ಕಂಪೆನಿಯಲ್ಲಿ ತುಂಬ ಜನ ಇದ್ದಾರೆ. ಮುಕ್ಕಾಲು ಪಾಲು ಜೂನ್ ಒಂದಕ್ಕೇ ಹುಟ್ಟಿದವರು. ಇವರ ಊರಿನ ಹೆಂಗಸರು ವರ್ಷಕ್ಕೆ ಅದೊಂದೇ ದಿನ ಹೆರುತ್ತಾರಾ ಅಂತ ಸ್ವಲ್ಪ ಕೇಳಿ."

ಮಾತು ಒರಟಾದರೂ ಸುಳ್ಳಲ್ಲ. ಹುಟ್ಟಿದ ದಿನ ಯಾವ ಮನೆಯಲ್ಲೂ ಬರೆದಿಟ್ಟಿರುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ ಒಂದು ಇಸವಿ ಅಂದಾಜು ಮಾಡುತ್ತಿದ್ದರು, ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನ ಮಾಡಿಬಿಡುತ್ತಿದ್ದರು. ಅಧಿಕಾರಿ ಪಾಸ್‌ಪೋರ್ಟನ್ನು ಮಡಚಿ, ನಿನ್ನನ್ನು ಚೆನ್ನಾಗಿ ಬಲ್ಲ ಊರಿನವರನ್ನು ಕರೆದುಕೊಂಡು ಬಾ, ಅವರ ಮಾತು ಕೇಳುತ್ತೇನೆ ಎಂದ. ಐವತ್ತೈದರ ಒಳಗೆ ಎಂದು ಗೊತ್ತಾದರೆ ಕಂಪೆನಿ ಪರಿಹಾರ ಕೊಡಬೇಕು. ಬೇರೆ ಕಡೆ ಕೆಲಸಕ್ಕೆ ಸೇರಲಿಕ್ಕೂ ಬಿಡಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟು ಎಂದ.

ಇದೇನು ದೊಡ್ಡ ವಿಷಯ ಎಂದುಕೊಂಡು ಕಾಕ ಕುಣಿಯುತ್ತಾ ಬಂದ. ಸಾಕ್ಷಿಗೆ ಮೂವರನ್ನು ಆರಿಸಿದ. ಒಬ್ಬ ಲೀಲಾಧರ. ಇನ್ನೊಬ್ಬ ಮನಾಮಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮುಹಮ್ಮದ್ ಶರೀಫ್. ಅವನ ಮದುವೆ ಕುದುರಿಸಿದ್ದೇ ಕಾಕ. ಮೂರನೆಯವನು ಕ್ಯಾಂಪಿನ ಅಡುಗೆಯ ಅಝೀಝ್. ಇವನು ಕಾಕನದೇ ಊರಿನವನು, ಆದರೆ ಸಣ್ಣ ಪ್ರಾಯದಲ್ಲೇ ಬೊಂಬಾಯಿಗೆ ಓಡಿಹೋದವನು. ಸತ್ಯ ಹೇಳಿ, ಅಷ್ಟೇ ಸಾಕು ಎಂದು ಕಾಕ ಮೂವರಿಗೂ ಗಂಭೀರವಾಗಿ ಹೇಳಿದ. ಮೂವರೂ ತಲೆಯಾಡಿಸಿದರು. ಯಾವ ಸತ್ಯ ಎಂದು ಯಾರೂ ಕೇಳಲಿಲ್ಲ.

ವಿಚಾರಣೆಯ ದಿನ ಮೊದಲು ಶರೀಫ್ ಎದ್ದ. ಕಾಕನಿಗೆ ಎಷ್ಟು ವಯಸ್ಸಿರಬಹುದು ಎಂದು ಅಧಿಕಾರಿ ಕೇಳಿದ. ಶರೀಫ್ ಎದೆಯ ಮೇಲೆ ಕೈಯಿಟ್ಟು, "ನನ್ನ ತಂದೆಗೆ ಸಮಾನರು, ಸಾಹೇಬರೇ" ಎಂದ. ತಂದೆಗೆ ಎಷ್ಟು ಎಂದು ಗುಮಾಸ್ತ ಥಟ್ಟನೆ ಕೇಳಿದ. ಅರುವತ್ತೆಂಟು ಎಂದು ಶರೀಫ್ ಹೆಮ್ಮೆಯಿಂದ ಹೇಳಿದ.

ಲೀಲಾಧರ ಅದಕ್ಕಿಂತ ಒಂದು ಕೈ ಮೇಲೆ ಹೋದ. "ಇವರು ನಮ್ಮ ಇಡೀ ಊರಿಗೆ ಹಿರಿಯರು. ನಾನು ಹುಟ್ಟುವ ಮೊದಲೇ ಇವರ ಹೆಸರು ನಮ್ಮ ಕಡೆ ಪ್ರಸಿದ್ಧಿ" ಎಂದ. ಲೀಲಾಧರನಿಗೆ ನಲವತ್ತಾರು. ಕಾಕ ನಾಲ್ಕು ವರ್ಷದ ಮಗುವಾಗಿದ್ದಾಗ ಯಾವ ಕೆಲಸಕ್ಕೆ ಪ್ರಸಿದ್ಧನಾಗಿದ್ದನೋ ಲೀಲಾಧರನಿಗೇ ಗೊತ್ತು.

ಕಾಕ ಕುರ್ಚಿಯಲ್ಲಿ ಕುಳಿತು ಬೆವರತೊಡಗಿದ. ಕೆಮ್ಮಿದ. ಕಣ್ಣು ಮಿಟುಕಿಸಿದ. ಕಾಕನಿಗೆ ನೀರಡಿಕೆಯಾಗಿದೆ ಎಂದು ಶರೀಫ್ ಓಡಿಹೋಗಿ ನೀರು ತಂದು, ಲೋಟವನ್ನು ಬಾಯಿಯ ತನಕ ಹಿಡಿದು ಕುಡಿಸಿದ. ಅಧಿಕಾರಿ ಅದನ್ನೂ ನೋಡಿಕೊಂಡ.

ಕೊನೆಗೆ ಅಝೀಝ್. ನಿನಗೆ ಎಷ್ಟು ಎಂದಾಗ ಐವತ್ತಾರು ಎಂದ.

"ಈ ಮನುಷ್ಯ ನಿನಗಿಂತ ದೊಡ್ಡವನೋ ಚಿಕ್ಕವನೋ?"

ಅಝೀಝ್ ಎರಡೂ ಕೆನ್ನೆಗೆ ಬೆರಳು ಮುಟ್ಟಿಸಿಕೊಂಡ. "ತೌಬಾ ತೌಬಾ. ಇವರೆದುರು ನಾನು ಈವರೆಗೆ ಕುರ್ಚಿಯಲ್ಲಿ ಕೂತವನಲ್ಲ, ಸಾಹೇಬರೇ."

ಗುಮಾಸ್ತನಿಗೆ ಇನ್ನು ಬಾಯಿ ತೆರೆಯುವ ಕೆಲಸವೇ ಉಳಿಯಲಿಲ್ಲ. ಹೊರಗೆ ಬಂದ ಮೇಲೆ ಮೂವರೂ ಕಾಕನನ್ನು ಸುತ್ತುವರಿದರು. ಲೀಲಾಧರನ ಮುಖ ಅರಳಿತ್ತು.

"ಹೆದರ್ಬೇಡಿ ಕಾಕಾ. ನಿಮ್ಮ ಮರ್ಯಾದೆಗೆ ಒಂದು ಚೂರೂ ಕುಂದು ಬಾರದ ಹಾಗೆ ಹೇಳಿದ್ದೇವೆ."

"ನನ್ನ ಮರ್ಯಾದೆಗೆ ಬೆಂಕಿ ಬೀಳ್ಲಿ!" ಎಂದು ಕಾಕ ಕಿರುಚಿದ. "ನನ್ನನ್ನು ಉಳಿಸ್ಲಿಕ್ಕೆ ಬಂದದ್ದಾ ನೀವು, ಹೂಳ್ಲಿಕ್ಕೆ ಬಂದದ್ದಾ?"

ಮೂವರಿಗೂ ಅರ್ಥವಾಗಲಿಲ್ಲ. ಊರಿನಲ್ಲಿ ಒಬ್ಬ ಗಡ್ಡದವನ ಬಗ್ಗೆ ಸಾಕ್ಷಿ ಹೇಳುವುದೆಂದರೆ ಅವನನ್ನು ಎತ್ತಿ ಹೇಳುವುದು. ಸರಕಾರದ ಎದುರು ನಿಂತು ಕಾಕನನ್ನು ಐವತ್ತರ ಹುಡುಗ ಎಂದರೆ ಅದು ಮುಖಕ್ಕೆ ಉಗಿದ ಹಾಗಲ್ಲವೇ? ಇಷ್ಟು ವರ್ಷ ತಿಂದ ಮರ್ಯಾದೆ ಈಗ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ಕಾಕನಿಗೆ ಅಲ್ಲೇ ಹೊಳೆಯಿತು. ಒಂದು ಸಮಾಧಾನವೆಂದರೆ ಅಧಿಕಾರಿ ತೀರ್ಪು ಬರೆದಿರಲಿಲ್ಲ. ಗುಮಾಸ್ತ ಇಷ್ಟು ಖುಷಿಪಟ್ಟದ್ದು ಅವನಿಗೂ ಹಿಡಿಸದೆ, ಇನ್ನೊಂದು ದಿನ ಬನ್ನಿ ಎಂದಿದ್ದ.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಎಲ್ಲರೂ ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಕಾಕ ಎದ್ದು ನಿಂತ. ತನಗೆ ಐವತ್ತೇ ವರ್ಷವೆಂದೂ, ಯುದ್ಧಕಾಲದ ಕತೆಗಳೆಲ್ಲ ಅಣ್ಣನದೆಂದೂ, ಇವತ್ತಿನಿಂದ ತನ್ನನ್ನು ಯಾರೂ ಕಾಕ ಎನ್ನಬಾರದೆಂದೂ ಹೇಳಿದ. ಕೆಲವರು ತಮಾಷೆಯೆಂದು ನಕ್ಕರು. ನಗದಿದ್ದವನು ಅಝೀಝ್ ಒಬ್ಬನೇ. ಅವನ ಕೈಯ ಸೌಟು ಹಾಗೇ ನಿಂತಿತು.

"ಮೊಯಿದಿನಾಕನ ತಮ್ಮ ಅಂದ್ರೆ ನೀವು ಯಾವ ತಮ್ಮ? ಆ ಮನೆಯಲ್ಲಿ ತುಂಬ ಜನ ಇದ್ರಲ್ಲ."

"ಕೊನೆಯವನು" ಎಂದ ಕಾಕ.

"ಕೊನೆಯವನು ಪೊಡಿಮೋನು."

"ಅದು ನಾನೇ."

ಪೊಡಿಮೋನು ಎಂದರೆ ಬ್ಯಾರಿಗಳ ಮನೆಯಲ್ಲಿ ಸಣ್ಣ ಮಗನಿಗೆ ಮುದ್ದಿನ ಹೆಸರು. ಅಝೀಝ್ ಊರು ಬಿಡುವಾಗ ಆ ಮನೆಯ ಪೊಡಿಮೋನು ಚಡ್ಡಿಯಿಲ್ಲದೆ ಅಂಗಳದಲ್ಲಿ ಓಡಾಡುತ್ತಿದ್ದ. ವರ್ಷಗಳ ನಂತರ ಬಹರೈನಿಗೆ ಬಂದು ಈ ಮದರಂಗಿ ಗಡ್ಡ ಕಂಡಾಗ, ಇವರು ಅಣ್ಣತಮ್ಮಂದಿರಲ್ಲಿ ದೊಡ್ಡವರಲ್ಲೊಬ್ಬರಿರಬೇಕು ಎಂದು ತಾನೇ ಲೆಕ್ಕ ಹಾಕಿ, ಮೊದಲ ದಿನವೇ ಕೈಗೆ ಮುತ್ತಿಟ್ಟಿದ್ದ. ಕಾಕ ತಿದ್ದಿರಲಿಲ್ಲ.

"ಪೊಡಿಮೋನಾ!" ಅಝೀಝ್ ಸೌಟನ್ನು ಪಾತ್ರೆಗೆ ಕುಕ್ಕಿದ. "ನಿನ್ನ ಕೈಗೆ ಮುತ್ತಿಟ್ಟೆನಲ್ಲ ನಾನು! ಮೀನಿನ ತಲೆ ಆರಿಸಿ ಆರಿಸಿ ನಿನಗೆ ಹಾಕಿದೆನಲ್ಲ! ನನ್ನ ಮಗಳ ಮದುವೆ ವಿಷಯ ನಿನ್ನ ಹತ್ರ ಕೇಳಿದ್ದೆನಲ್ಲ ಮಾರಾಯ, ನನ್ನೆದುರು ಮಗು ನೀನು!"

ಅಲ್ಲಿಂದ ಮುಂದಿನ ದಿನಗಳು ಕಾಕನಿಗೆ ಬಹಳ ಕೆಟ್ಟದಾಗಿ ಕಳೆದವು. ಕಾಕ ಎನ್ನಬೇಡಿ ಎಂದವನು ಅವನೇ, ಆದರೆ ಅವರು ಅಷ್ಟು ಬೇಗ ಒಪ್ಪುತ್ತಾರೆಂದು ಅವನು ನೆನಸಿರಲಿಲ್ಲ. ಮಂಚ ಅಝೀಝನಿಗೆ ಹೋಯಿತು; ಕಾಕ ಮೇಲಿನ ಮಂಚ ಹತ್ತಿದ, ಅದೂ ಚುರುಕಾಗಿ. ಪಾತ್ರೆಯ ಸರದಿಯಲ್ಲಿ ಅವನ ಹೆಸರು ಬಂತು, ಬಾಕಿಯೆಲ್ಲ ಸೇರಿಸಿ ವಾರಕ್ಕೆ ಎರಡು ಸಲ. ಒಂದು ಸಂಜೆ ಇಬ್ಬರು ಜಗಳವಾಡುತ್ತಿದ್ದಾಗ ಅವನು ಅಭ್ಯಾಸಬಲದಿಂದ ನಡುವೆ ಹೋಗಿ ಗಂಟಲು ಸರಿಮಾಡಿಕೊಂಡ. "ನೀವು ಸುಮ್ನಿರಿ ಸುಲೈಮಾನ್, ದೊಡ್ಡವರು ಮಾತಾಡ್ತಾ ಇದ್ದಾರೆ" ಎಂದ ಲೀಲಾಧರ. ಎಲ್ಲರೂ ನಕ್ಕರು, ಕಾಕನೂ ನಕ್ಕ. ಆಮೇಲೆ ಹೊರಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ಸ್ವಲ್ಪ ಹೊತ್ತು ಒಬ್ಬನೇ ನಿಂತ. ಇಷ್ಟು ವರ್ಷದ ಪ್ರೀತಿ ತನ್ನದೋ ತನ್ನ ಗಡ್ಡದ್ದೋ ಎಂದು ಅವನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ, ಮತ್ತು ಅದು ಅವನನ್ನು ತುಂಬಾ ನೋಯಿಸಿತು.

ಎರಡನೆಯ ವಿಚಾರಣೆಗೆ ಅಝೀಝ್ ಯಾರೂ ಕರೆಯದೆ ತಾನಾಗಿ ಬಂದ. ಈ ಸಲ ಅಧಿಕಾರಿ ಹೇಳುವ ಮೊದಲೇ ಕುರ್ಚಿ ಎಳೆದು ಕುಳಿತ.

"ಸಾಹೇಬರೇ, ಇವನಿಗೆ ಐವತ್ತು. ಬೇಕಾದರೆ ಕುರ್‌ಆನ್ ಮುಟ್ಟಿ ಹೇಳ್ತೇನೆ."

"ಹೋದ ಸಲ ಬೇರೆ ಹೇಳಿದೆಯಲ್ಲ?"

"ಹೋದ ಸಲ ನನಗೆ ಇವನ ಮೇಲೆ ಮರ್ಯಾದೆ ಇತ್ತು. ಈಗ ಸಿಟ್ಟುಂಟು." ಅಝೀಝ್ ಕಾಕನ ಕಡೆಗೆ ಬೆರಳು ತೋರಿಸಿದ. "ನಾನು ಬೊಂಬಾಯಿಗೆ ಹೋಗುವ ಮುಂಚಿನ ವರ್ಷ ಇವನ ಸುನ್ನತ್ ಇತ್ತು. ಹಜಾಮ ಬಂದು ಕತ್ತಿ ಮಸೀತಾ ಕೂತಿದ್ದ. ಈ ಕಳ್ಳ ಹಿತ್ತಲಿಂದ ಓಡಿ ಗೇರು ಮರದ ತುದಿಗೆ ಹತ್ತಿದ. ಮೈಮೇಲೆ ಒಂದು ನೂಲಿಲ್ಲ. ಕೆಂಪಿರುವೆ ಕಚ್ಚಿ, ಎಲ್ಲಿ ಕಚ್ಚಬಾರದೋ ಅಲ್ಲಿ ಕಚ್ಚಿ, ಮೇಲಿಂದ ಉಮ್ಮಾ ಉಮ್ಮಾ ಅಂತ ಬೊಬ್ಬೆ. ಮದುವೆ ಮನೆಯ ಹಾಗೆ ಜನ ಸೇರಿದ್ರು. ಮರ ಹತ್ತಿ ಇವನನ್ನು ಹೆಗಲ ಮೇಲೆ ಹಾಕಿ ಇಳಿಸಿದವನು ನಾನು. ಹಜಾಮನ ಎದುರು ಇವನ ಕಾಲು ಹಿಡಿದವನೂ ನಾನೇ. ನನಗೆ ಆಗ ಹದಿಮೂರು, ಇವನು ಏಳರ ಮಗು. ನನಗಿಂತ ದೊಡ್ಡವನಾಗಿದ್ರೆ ನಾನು ಹೊತ್ತುಕೊಂಡು ಇಳಿಸ್ಲಿಕ್ಕೆ ಆಗ್ತಿತ್ತಾ, ನೀವೇ ಹೇಳಿ."

ಅಧಿಕಾರಿ ಮೊದಲು ಗಾಂಭೀರ್ಯ ಕಾಪಾಡಿಕೊಳ್ಳಲು ನೋಡಿದ. ಇರುವೆಯ ಹತ್ತಿರ ಬರುವಾಗ ಅವನ ಹೆಗಲು ಕುಣಿಯತೊಡಗಿತ್ತು. ಕೊನೆಗೆ ಮೇಜಿಗೆ ತಲೆಯಿಟ್ಟು ಎಷ್ಟು ನಕ್ಕನೆಂದರೆ ತಲೆವಸ್ತ್ರ ಜಾರಿ ಫೈಲಿನ ಮೇಲೆ ಬಿತ್ತು. ಪಕ್ಕದ ಕೋಣೆಯವರು ಬಂದು ಇಣುಕಿದರು. ಅವರಿಗೂ ಅರಬಿಯಲ್ಲಿ ಹೇಳಬೇಕಾಯಿತು, ಅವರೂ ನಕ್ಕರು. ಈ ಸಲ ತಾನೂ ಬಂದಿದ್ದ ಲಂಡನ್ನಿನ ಮ್ಯಾನೇಜರ್ ಏನಾಯಿತೆಂದು ಗುಮಾಸ್ತನನ್ನು ಕೇಳಿದ. ಗುಮಾಸ್ತ ಇಂಗ್ಲಿಷಿನಲ್ಲಿ ಶುರುಮಾಡಿ, ಗೇರು ಮರದ ತನಕ ಬಂದು, ಅಲ್ಲಿಂದ ಮುಂದೆ ನಾಲಿಗೆ ಏಳದೆ ನಿಂತುಬಿಟ್ಟ. ಕಾಕ ನೆಲ ನೋಡುತ್ತಾ ಕುಳಿತಿದ್ದ. ಅವನ ಗಡ್ಡಕ್ಕಿಂತ ಮುಖವೇ ಕೆಂಪಾಗಿತ್ತು.

ಯಾರೂ ಸುಳ್ಳು ಹೇಳಲಿಕ್ಕೆಂದು ಇಂಥ ಕತೆ ಕಟ್ಟುವುದಿಲ್ಲ ಎಂದು ಅಧಿಕಾರಿ ಕಣ್ಣೊರೆಸಿಕೊಂಡು ಹೇಳಿದ. ಗಡ್ಡ ನೋಡಿ ಮನುಷ್ಯನನ್ನು ಕೆಲಸದಿಂದ ತೆಗೆದದ್ದು ತಪ್ಪು, ಪರಿಹಾರ ಕೊಡಬೇಕು, ಬೇರೆ ಕಡೆ ಕೆಲಸಕ್ಕೆ ಬಿಡಬೇಕು ಎಂದು ತೀರ್ಪಾಯಿತು. ಹೊರಡುವಾಗ ಅವನು ಕಾಕನ ಬೆನ್ನು ತಟ್ಟಿ, "ಇನ್ನೂ ಜವಾನ ನೀನು. ಹತ್ತು ಹದಿನೈದು ವರ್ಷ ಆರಾಮಾಗಿ ದುಡಿಯಬಹುದು" ಎಂದ.

ಕಾಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೊರಗೆ ಬಂದವನೇ ಅಝೀಝನನ್ನು ತಬ್ಬಿಕೊಂಡ. "ಬಿಡು ಮಾರಾಯ, ಬೆವರು ವಾಸನೆ" ಎಂದ ಅಝೀಝ್, ಆದರೆ ಬಿಡಿಸಿಕೊಳ್ಳಲಿಲ್ಲ. ವಾರದೊಳಗೆ ಇನ್ನೊಂದು ಕಂಪೆನಿಯ ಅರಬಾಬ್, ಅಂದರೆ ಯಜಮಾನ, ಕಾಕನಿಗೆ ಒಂದು ಹೊಸ ಬಸ್ಸು ತೋರಿಸಿದ. ಪವರ್ ಸ್ಟೇರಿಂಗ್, ಡ್ರೈವರಿಗೂ ಏಸಿ. ಅವನ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು, ಒಂದನೇ ತಾರೀಕಿನಿಂದ ಬಾ ಎಂದ. ಕಾಕ ಗಡ್ಡ ಬೋಳಿಸಿಕೊಂಡು, ಮನಾಮಾದ ಟೆಲಿಫೋನ್ ಆಫೀಸಿನಲ್ಲಿ ಸಾಲು ನಿಂತು ಊರಿಗೆ ಫೋನ್ ಮಾಡಿದ. ರುಖಿಯಾಳನ್ನು ಫೋನಿದ್ದ ಪಕ್ಕದ ಮನೆಗೆ ಕರೆಸಿಯಾಗಿತ್ತು.

"ಗೆದ್ದೆ ರುಖಿಯಾ!" ಎಂದು ಇಡೀ ಆಫೀಸಿಗೆ ಕೇಳುವ ಹಾಗೆ ಕೂಗಿದ. "ಸರಕಾರವೇ ಹೇಳಿತು, ನನಗೆ ಪ್ರಾಯ ಆಗ್ಲಿಲ್ಲ ಅಂತ. ಇನ್ನೂ ಹದಿನೈದು ವರ್ಷ ದುಡೀಬಹುದಂತೆ! ಹೊಸ ಬಸ್ಸೂ ಸಿಕ್ಕಿತು. ಎಂತ, ಕೇಳ್ತಾ ಉಂಟಾ?"

ಅತ್ತ ಕಡೆಯಿಂದ ತುಂಬ ಹೊತ್ತು ಬರೀ ಕರಕರ ಸದ್ದು ಬಂತು. ಲೈನು ಹೋಯಿತೆಂದು ಕಾಕ ಫೋನನ್ನು ಕುಲುಕಿದ.

"ಕೇಳ್ತದೆ" ಎಂದಳು ರುಖಿಯಾ. "ನಿಮಗೆ ಪ್ರಾಯ ಆಯ್ತು ಅಂತ ಕಂಪೆನಿಯವರು ತೆಗೆದ್ರು ಅಂತ ಯೂಸುಫ್ ಬಂದು ಹೇಳಿದ ದಿನ ನಾನು ಪಾಯಸ ಮಾಡಿದ್ದೆ."

"ಪಾಯಸವಾ?"

"ನೆರೆಕರೆಗೆಲ್ಲ ಹಂಚಿದ್ದೆ. ಇನ್ನು ಬರ್ತಾರೆ ಅಂತ. ಎರಡು ವರ್ಷಕ್ಕೊಮ್ಮೆ ಬಂದು ಹೋಗುವಾಗ ಪ್ರತಿ ಸಲ ಹೇಳ್ತೀರಿ, ಪ್ರಾಯ ಆದ್ಮೇಲೆ ನಿನ್ನ ಹತ್ರವೇ ಇರ್ತೇನೆ ಅಂತ. ನಾನು ನಿಮಗೆ ಯಾವಾಗ ಪ್ರಾಯ ಆಗ್ತದೆ ಅಂತ ಕಾಯ್ತಾ ಕಾಯ್ತಾ ಇಲ್ಲಿ ನನಗೆ ಆಯ್ತು." ಅವಳ ದನಿ ಸ್ವಲ್ಪ ನಡುಗಿತು, ಮತ್ತೆ ಗಟ್ಟಿಯಾಯಿತು. "ನೀವು ಸರಕಾರಕ್ಕೆ ಹೋಗಿ, ಪ್ರಾಯ ಆಗ್ಲಿಲ್ಲ ಅಂತ ಕೇಸು ಗೆದ್ದು ಬಂದ್ರಿ. ಒಳ್ಳೇದಾಯ್ತು. ಹಾಗಾದ್ರೆ ನಾನು ಇನ್ನು ಹದಿನೈದು ವರ್ಷ ಬಿಟ್ಟು ಪಾಯಸ ಮಾಡ್ತೇನೆ."

ಇಲ್ಲಿ ಅಷ್ಟೂ ಜನರ ಎದುರು ಹದಿನೆಂಟು ವರ್ಷ ಮುದುಕನಾಗಿದ್ದ ಕಾಕ ಅವಳೊಬ್ಬಳ ಎದುರು ಮಾತ್ರ ಆಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಫೋನಿನ ಪೆಟ್ಟಿಗೆಗೆ ಹಣೆ ಒತ್ತಿಕೊಂಡು ಅವನು ಅತ್ತ. ಸಾಲಿನಲ್ಲಿ ಹಿಂದೆ ನಿಂತಿದ್ದವನು, ಊರಿನಲ್ಲಿ ಯಾರೋ ತೀರಿಕೊಂಡಿರಬೇಕೆಂದು ತಿಳಿದು, ತನ್ನ ಸರದಿ ಬಂದರೂ ಸುಮ್ಮನೆ ನಿಂತ.

ಮರುದಿನ ಬೆಳಿಗ್ಗೆ ಕಾಕ ಹೊಸ ಅರಬಾಬಿನ ಆಫೀಸಿಗೆ ಹೋದ. ಅರಬಾಬ್ ಬಸ್ಸಿನ ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟ. ಕಾಕ ಅದನ್ನು ಮುಟ್ಟಲಿಲ್ಲ.

"ಬೇಡ, ಅರಬಾಬ್. ನನಗೆ ವಯಸ್ಸಾಯಿತು. ಊರಿಗೆ ಹೋಗುತ್ತೇನೆ."

ಅರಬಾಬ್ ಬೋಳಿಸಿದ ಆ ಮುಖವನ್ನು ದಿಟ್ಟಿಸಿ ನೋಡಿದ. "ವಯಸ್ಸಾಗಿಲ್ಲ ಎಂದು ಸರಕಾರ ಹೋದ ವಾರವಷ್ಟೇ ತೀರ್ಪು ಕೊಟ್ಟಿದೆಯಲ್ಲ?"

"ಅದು ಕಂಪೆನಿಗೆ ಕೊಟ್ಟ ತೀರ್ಪು" ಎಂದ ಕಾಕ. "ನಿನ್ನೆ ಮನೆಯಲ್ಲಿ ಬೇರೆ ತೀರ್ಪಾಯಿತು."

ಅರಬಾಬನೂ ಮದುವೆಯಾದವನೇ. ಅವನು ಕಪಾಟು ತೆರೆದು ಪಾಸ್‌ಪೋರ್ಟ್ ತೆಗೆದುಕೊಟ್ಟ.